ದೇವರ ಕಣ್ಣು, ಕ್ಯಾಮೆರಾ ಕಣ್ಣು

ಕಣ್ಗಾವಲಿನ ಪರವಾಗಿ ನಮ್ಮಲ್ಲಿ ಕೇಳಿಬರುವ ವಾದಗಳಲ್ಲಿ ಕಾನೂನಿನ ಮಾತಿಗಿಂತ ದೇವರ ಮಾತಿಗೇ ಬಲ ಹೆಚ್ಚು. ಬೀದಿಗೊಂದು ಕ್ಯಾಮೆರಾ ಬಂತು, ಮಗಳು ಎಲ್ಲಿದ್ದಾಳೆಂದು ತೋರಿಸುವ ಆ್ಯಪ್ ಅಪ್ಪನ ಫೋನಿಗೆ ಬಂತು, ಮನೆಗೆಲಸದಾಕೆ ಎಷ್ಟು ಹೊತ್ತಿಗೆ ಗೇಟು ದಾಟಿದಳು ಎಂಬುದು ಅಪಾರ್ಟ್‌ಮೆಂಟಿನವರ ಮೊಬೈಲಿನಲ್ಲಿ ದಾಖಲಾಗತೊಡಗಿತು. ಯಾರಾದರೂ ಇದಕ್ಕೆ ತಕರಾರು ತೆಗೆದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ತಪ್ಪು ಮಾಡದವರಿಗೆ ಭಯ ಯಾಕೆ? ಮೇಲಿರುವವನು ಹೇಗೂ ಎಲ್ಲ ನೋಡುತ್ತಿದ್ದಾನೆ, ಅವನಿಂದ ಮುಚ್ಚಿಡಲಾಗದ್ದನ್ನು ಮನುಷ್ಯರಿಂದ ಮುಚ್ಚಿಟ್ಟು ಆಗಬೇಕಾದ್ದೇನು? ಈ ಮಾತನ್ನು ಆಡುವವರಲ್ಲಿ ಬಹುತೇಕರು ಪ್ರಾಮಾಣಿಕರು, ದೈವಭಕ್ತರು. ಆದ್ದರಿಂದಲೇ ಅದನ್ನು ನಕ್ಕು ತಳ್ಳಿಹಾಕುವ ಬದಲು ಧರ್ಮದ ನೆಲೆಯಲ್ಲಿಯೇ ನಿಂತು ಪರೀಕ್ಷಿಸುವುದು ಒಳ್ಳೆಯದು. ಹಾಗೆ ಪರೀಕ್ಷಿಸಿದಾಗ ಹೊರಡುವ ತೀರ್ಮಾನ ತಿರುವುಮುರುವಾದದ್ದು. ದೇವರು ನೋಡುತ್ತಾನೆ ಎಂದು ನಿಜವಾಗಿ ನಂಬಿದವರೇ ಮನುಷ್ಯರು ಮನುಷ್ಯರ ಮೇಲೆ ಸದಾ ಕಣ್ಣಿಡುವುದನ್ನು ಎಲ್ಲರಿಗಿಂತ ಮೊದಲು ವಿರೋಧಿಸಬೇಕು.

ನೋಡುವ ದೇವರುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಋಗ್ವೇದದ ವರುಣನಿಗೆ ಲೋಕವನ್ನೆಲ್ಲ ಗಮನಿಸುವ ಚಾರರಿದ್ದಾರೆ. ಇಬ್ಬರು ಕೂತು ಗುಟ್ಟು ಮಾತಾಡುವಲ್ಲಿ ಮೂರನೆಯವನಾಗಿ ವರುಣನಿರುತ್ತಾನೆ, ಮನುಷ್ಯರ ರೆಪ್ಪೆ ಬಡಿತವೂ ಅವನ ಎಣಿಕೆಯಲ್ಲಿದೆ ಎನ್ನುತ್ತದೆ ಅಥರ್ವವೇದದ ನಾಲ್ಕನೆಯ ಕಾಂಡದ ಒಂದು ಸೂಕ್ತ. ಪುರಾಣಗಳ ಹೊತ್ತಿಗೆ ಈ ಲೆಕ್ಕ ಬರೆಯಲು ಚಿತ್ರಗುಪ್ತನೇ ನೇಮಕಗೊಂಡಿದ್ದ. ಕನ್ನಡದ ಮಕ್ಕಳು ಇದೇ ಪಾಠವನ್ನು ಕನಕದಾಸರ ಬಾಳೆಹಣ್ಣಿನ ಕಥೆಯಲ್ಲಿ ಕಲಿಯುತ್ತಾರೆ. ವ್ಯಾಸರಾಯರು ಶಿಷ್ಯರ ಕೈಗೆ ಒಂದೊಂದು ಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದು ಬನ್ನಿ ಎನ್ನುತ್ತಾರೆ. ಒಬ್ಬ ಬಾಗಿಲ ಹಿಂದೆ, ಇನ್ನೊಬ್ಬ ಮರದ ಮರೆಯಲ್ಲಿ ತಿಂದು ಸಿಪ್ಪೆ ಬಿಸಾಡಿ ಬರುತ್ತಾರೆ. ಕನಕರು ಹಣ್ಣನ್ನು ಹಾಗೆಯೇ ಹಿಡಿದುಕೊಂಡು ವಾಪಸು ಬಂದು, ದೇವರು ಕಾಣದ ಜಾಗ ತಮಗೆ ಸಿಗಲಿಲ್ಲ ಎನ್ನುತ್ತಾರೆ. ಕಥೆಗೆ ಚರಿತ್ರೆಯ ಆಧಾರ ಇದೆಯೋ ಇಲ್ಲವೋ, ಕುರುಬರ ಕನಕನನ್ನು ಮಠದೊಳಗೆ ಸೇರಿಸಿಕೊಂಡದ್ದಕ್ಕೆ ಗೊಣಗುತ್ತಿದ್ದವರ ಬಾಯಿ ಮುಚ್ಚಿಸಿದ ಕಥೆಯಾಗಿ ಅದು ಇಂದಿಗೂ ಬದುಕಿದೆ. ಕ್ಯಾಮೆರಾ ಪರ ವಾದಿಸುವವರು ಇದನ್ನು ತಮ್ಮ ಸಾಕ್ಷಿಯಾಗಿ ಕರೆಯುವುದೂ ಉಂಟು.

ಆದರೆ ಈ ಕಥೆಯಲ್ಲಿ ಗುರು ಏನು ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಶಿಷ್ಯರ ಹಿಂದೆ ಅವರು ಆಳು ಕಳಿಸಲಿಲ್ಲ, ಬಾಗಿಲ ಸಂದಿಯಿಂದ ಇಣುಕಲಿಲ್ಲ. ಒಬ್ಬೊಬ್ಬರನ್ನೂ ಅವರವರ ಪಾಡಿಗೆ ಬಿಟ್ಟರು. ಹಾಗೆ ಬಿಟ್ಟದ್ದರಿಂದಲೇ ಕನಕರ ಉತ್ತರಕ್ಕೆ ತೂಕ ಬಂತು. ಪ್ರತಿ ಶಿಷ್ಯನ ಬೆನ್ನಿಗೂ ಒಬ್ಬ ಕಾವಲುಗಾರನಿದ್ದು, ಎಲ್ಲರೂ ಹಣ್ಣು ತಿನ್ನದೆ ವಾಪಸು ಬಂದಿದ್ದರೆ, ಅವರಲ್ಲಿ ದೇವರನ್ನು ಕಂಡವರು ಯಾರು, ಕಾವಲುಗಾರನನ್ನು ಕಂಡು ಹೆದರಿದವರು ಯಾರು ಎಂದು ಹೇಳಲು ಗುರುವಿಗೂ ಆಗುತ್ತಿರಲಿಲ್ಲ. ಸ್ವತಃ ಶಿಷ್ಯರಿಗೂ ಆಗುತ್ತಿರಲಿಲ್ಲ. ಮನುಷ್ಯರ ಕಣ್ಣು ಪೂರ್ತಿ ಹಿಂದೆ ಸರಿದ ಜಾಗದಲ್ಲಿ ಮಾತ್ರ ದೇವರ ಕಣ್ಣಿನ ಅರಿವು ಇದೆಯೋ ಇಲ್ಲವೋ ತಿಳಿಯುತ್ತದೆ. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳದ್ದೂ ಇದೇ ಸಂಬಂಧ. ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ನೋಡುತ್ತದೆ. ನೋಡುವ ಹಕ್ಕಿ ಹಣ್ಣು ಕಿತ್ತುಕೊಳ್ಳುವುದಿಲ್ಲ, ಗದರುವುದಿಲ್ಲ, ಯಾರಿಗೂ ವರದಿ ಮಾಡುವುದಿಲ್ಲ. ಹೀಗೆ ಸುಮ್ಮನೆ ನೋಡುವ ಸಾಕ್ಷಿಯ ವಿಷಯದಲ್ಲಿ ಅದ್ವೈತಿಗಳಿಗೂ ಮಾಧ್ವರಿಗೂ ದೊಡ್ಡ ಜಗಳವೇ ಇದೆ. ಆದರೆ ಸಾಕ್ಷಿ ಎಂಬುದು ಅರಿಯುವವನ ಒಳಗಿನ ಸಂಗತಿ, ಹೊರಗಿನಿಂದ ಯಾರೂ ತಂದು ನೇತುಹಾಕುವಂಥದ್ದಲ್ಲ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಬೇರೆ ಧರ್ಮಗಳು ಈ ವ್ಯತ್ಯಾಸವನ್ನು ಇನ್ನೂ ಕಟ್ಟುನಿಟ್ಟಾಗಿ ಹಿಡಿದಿವೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು, ಜನ ನೋಡಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವವರನ್ನು ಕಪಟಿಗಳೆಂದು ಕರೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎನ್ನುತ್ತಾನೆ. ಗುಟ್ಟಿನಲ್ಲಿ ನಡೆಯುವುದನ್ನೂ ನೋಡಬಲ್ಲ ದೇವರೇ ಬಾಗಿಲು ಹಾಕಿಕೊಳ್ಳಲು ಹೇಳಿದಂತಾಯಿತು. ಎಲ್ಲವನ್ನೂ ಬಲ್ಲ ಅಲ್ಲಾಹನನ್ನು ಸಾರುವ ಕುರಾನ್ 49ನೆಯ ಅಧ್ಯಾಯದಲ್ಲಿ, ಒಬ್ಬರು ಇನ್ನೊಬ್ಬರ ಗುಟ್ಟು ಕೆದಕಬಾರದೆಂದು ವಿಧಿಸುತ್ತದೆ. ಖಲೀಫ ಉಮರ್ ಅವರ ಬಗ್ಗೆ ಇದಕ್ಕೆ ಹೊಂದಿಕೊಂಡ ಕಥೆಯೊಂದಿದೆ. ರಾತ್ರಿ ಗಸ್ತಿನಲ್ಲಿದ್ದ ಉಮರ್ ಸಂಶಯಪಟ್ಟು ಗೋಡೆ ಹತ್ತಿ ಒಬ್ಬನ ಮನೆಗಿಳಿದು, ಅವನು ಮದ್ಯ ಇಟ್ಟುಕೊಂಡಿದ್ದನ್ನು ಹಿಡಿಯುತ್ತಾರೆ. ನನ್ನದು ಒಂದು ತಪ್ಪಾದರೆ ನಿಮ್ಮವು ಮೂರು, ಎನ್ನುತ್ತಾನೆ ಆತ: ಗುಟ್ಟು ಕೆದಕಿದಿರಿ, ಬಾಗಿಲು ಬಿಟ್ಟು ಗೋಡೆ ಹಾರಿದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಅವನನ್ನು ಬಿಟ್ಟು ಹೊರಟುಹೋಗುತ್ತಾರೆ. ಪಾಪ ನಡೆದಿತ್ತು, ದೇವರು ನೋಡಿಯೂ ಇದ್ದ; ಆದರೂ ಗೋಡೆ ಹಾರುವ ಅಧಿಕಾರ ರಾಜ್ಯವಾಳುವವನಿಗೆ ಅದರಿಂದ ಹುಟ್ಟಲಿಲ್ಲ.

ಸದಾ ನೋಡುತ್ತಿದ್ದರೆ ಜನ ಒಳ್ಳೆಯವರಾಗುತ್ತಾರೆ ಎಂಬ ನಂಬಿಕೆಯನ್ನು ಅನುಭವದ ಒರೆಗೂ ಹಚ್ಚಬಹುದು. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿಯೇ ಹಾಕಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ಕೆರೆ ಹೂಳೆತ್ತುವಲ್ಲಿ, ಬದು ಹಾಕುವಲ್ಲಿ ಕೆಲಸದ ಉಸ್ತುವಾರಿ ನೋಡುವ ಕಾಯಕಬಂಧು ದಿನಕ್ಕೆ ಎರಡು ಸಲ ಕೂಲಿಕಾರರನ್ನು ನಿಲ್ಲಿಸಿ, ಜಾಗದ ಗುರುತು ಬೀಳುವಂತೆ ಫೋಟೊ ತೆಗೆದು ಕಳಿಸಬೇಕು. ಬೇಗ ಕೆಲಸ ಮುಗಿಸಿದವರೂ ಎರಡನೆಯ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ದುಡಿದೂ ಹಾಜರಿ ಬೀಳಲಿಲ್ಲ ಎಂಬ ದೂರು ದೇಶದ ಹಲವೆಡೆ ಎದ್ದಿತು. ಇನ್ನು ಮೋಸ ನಿಂತಿತೇ ಎಂದರೆ, 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಸಂಬಂಧವಿಲ್ಲದ ಫೋಟೊಗಳು ಬರುತ್ತಿವೆ, ಹಳೆಯ ಫೋಟೊದ ಮೇಲೆ ಫೋಟೊ ಹೊಡೆದು ಕಳಿಸುತ್ತಿದ್ದಾರೆ ಎಂದು ಒಪ್ಪಿಕೊಂಡಿತು. ಅದಕ್ಕೆ ಕಂಡ ಮದ್ದು, ಬಂದ ಫೋಟೊಗಳನ್ನು ಪಂಚಾಯಿತಿಯಿಂದ ರಾಜ್ಯದವರೆಗೆ ಹಂತ ಹಂತವಾಗಿ ಅಧಿಕಾರಿಗಳು ಪರಿಶೀಲಿಸಬೇಕೆಂಬುದು. ನೋಡುವವರನ್ನು ನೋಡಲು ಇನ್ನಷ್ಟು ಜನ ಬೇಕಾದರು. ಕೊರೊನಾ ಕಾಲದಲ್ಲಿ ಕರ್ನಾಟಕ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿತ್ತು. 2020ರ ಮಾರ್ಚ್ ಕೊನೆಯಲ್ಲಿ ಹೊರಟ ಆದೇಶದಂತೆ ಗೃಹ ಕ್ವಾರಂಟೈನಿನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಸರ್ಕಾರದ ಆ್ಯಪಿಗೆ ಕಳಿಸಬೇಕಿತ್ತು. ಅದಕ್ಕೂ ಮೊದಲೇ ಅಂಥವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಬಹಿರಂಗಪಡಿಸಿತ್ತು. ರೋಗ ಹರಡಬಾರದೆಂಬ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಗಂಟೆಗೊಮ್ಮೆ ಮುಖ ತೋರಿಸಬೇಕಾದವನು ಅಕ್ಕಪಕ್ಕದವರ ಆರೋಗ್ಯದ ಹೊಣೆ ತನ್ನದು ಎಂದು ಯೋಚಿಸುವುದಕ್ಕಿಂತ, ಮುಂದಿನ ಸೆಲ್ಫಿ ತಪ್ಪದಂತೆ ನೋಡಿಕೊಳ್ಳುವುದನ್ನೇ ಕಲಿಯುತ್ತಾನೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ, ಅದೂ ನಮ್ಮ ಶಾಸ್ತ್ರದ ಒಳಗಿನಿಂದಲೇ. ಲೋಕ ನಡೆಯುವುದು ದಂಡದ ಭಯದಿಂದ, ತಾನಾಗಿ ಶುಚಿಯಾಗಿರುವ ಮನುಷ್ಯ ದುರ್ಲಭ ಎನ್ನುತ್ತದೆ ಮನುಸ್ಮೃತಿಯ ಏಳನೆಯ ಅಧ್ಯಾಯ. ಎಲ್ಲರೂ ಕನಕದಾಸರಲ್ಲ; ಸಾಮಾನ್ಯರಿಗೆ ಒಳಗಿನ ಸಾಕ್ಷಿ ಸಾಲದು, ಹೊರಗಿನ ಕಣ್ಣು ಬೇಕು ಎಂಬುದು ಇದರ ತಾತ್ಪರ್ಯ. ಮನುಷ್ಯ ಸ್ವಭಾವದ ಬಗ್ಗೆ ಈ ಮಾತಿನಲ್ಲಿ ಸತ್ಯವಿದೆ. ಆದರೆ ದಂಡವೇ ಬೇರೆ, ಕಣ್ಗಾವಲೇ ಬೇರೆ. ದಂಡ ಬರುವುದು ಕೃತ್ಯ ನಡೆದ ಮೇಲೆ. ಮಾಡುವ, ಬಿಡುವ ಸ್ವಾತಂತ್ರ್ಯ ಮನುಷ್ಯನಿಗಿತ್ತು ಎಂದು ಒಪ್ಪಿಕೊಂಡೇ ಅದು ಅವನನ್ನು ಹೊಣೆ ಮಾಡುತ್ತದೆ. ಸದಾ ಕಣ್ಣಿಡುವ ಏರ್ಪಾಡು ಕೃತ್ಯಕ್ಕೂ ಮೊದಲೇ ಬಂದು ಕೂತು, ಏನೂ ಮಾಡದವನನ್ನೂ ಆರೋಪಿಯ ಜಾಗದಲ್ಲಿ ನಿಲ್ಲಿಸುತ್ತದೆ. 1962ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಖರಕ್ ಸಿಂಗ್ ಪ್ರಕರಣದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಡಕಾಯಿತಿ ಕೇಸಿನಲ್ಲಿ ಸಾಕ್ಷ್ಯ ಸಿಗದೆ ಬಿಡುಗಡೆಯಾದ ಆತನ ಮನೆಗೆ ಉತ್ತರ ಪ್ರದೇಶದ ಪೊಲೀಸರು ರಾತ್ರಿ ಬಂದು ಬಾಗಿಲು ಬಡಿದು, ನಿದ್ದೆಯಿಂದ ಎಬ್ಬಿಸಿ, ಇದ್ದಾನೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ರಾತ್ರಿ ಭೇಟಿಯನ್ನು ಕೋರ್ಟು ರದ್ದು ಮಾಡಿತು, ಉಳಿದ ನಿಗಾವನ್ನು ಬಹುಮತದ ತೀರ್ಪು ಉಳಿಸಿಕೊಂಡಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸುಬ್ಬರಾವ್, ಪೊಲೀಸನ ಕಣ್ಣ ಕೆಳಗೆ ಓಡಾಡುವವನ ಓಡಾಟ ಸ್ವತಂತ್ರವಾದದ್ದಲ್ಲ, ಅಂಥವನಿಗೆ ಇಡೀ ದೇಶವೇ ಸೆರೆಮನೆ ಎಂದರು. ಕೈಕಾಲಿಗೆ ಬೇಡಿಯಿಲ್ಲದಿದ್ದರೂ ಮನಸ್ಸಿಗೆ ಬೇಡಿ ಬೀಳುತ್ತದೆ ಎಂಬ ಅವರ ವಾದವನ್ನು ಧರ್ಮದ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಪುಣ್ಯಕ್ಕೂ ಜಾಗವಿಲ್ಲ, ಪಶ್ಚಾತ್ತಾಪಕ್ಕೂ ಜಾಗವಿಲ್ಲ.

ಎರಡು ಬಗೆಯ ನೋಟಗಳ ಇನ್ನೊಂದು ಅಂತರ ಸಮಾನತೆಗೆ ಸೇರಿದ್ದು. ವರುಣನ ಕಣ್ಣಿಗೆ ಅರಸನೂ ಒಂದೇ, ಆಳೂ ಒಂದೇ. ಮನುಷ್ಯರ ಕಣ್ಗಾವಲು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೂಲಿಕಾರನ ಫೋಟೊ ದಿನಕ್ಕೆರಡು ಸಲ ಬೇಕು, ಕೂಲಿ ಹಣ ಬಿಡುಗಡೆ ಮಾಡಲು ತಿಂಗಳುಗಟ್ಟಲೆ ತಡ ಮಾಡುವವರ ಫೋಟೊ ಯಾರಿಗೂ ಬೇಡ. ಗೂಢಚಾರಿಕೆಯ ಮಹಾಶಾಸ್ತ್ರಜ್ಞ ಕೌಟಿಲ್ಯನೂ ಇಷ್ಟು ಒಮ್ಮುಖವಾಗಿರಲಿಲ್ಲ. ತಲೆ ಬೋಳಿಸಿದ, ಜಟೆ ಬಿಟ್ಟ ತಪಸ್ವಿಗಳ ವೇಷದಲ್ಲಿ ಗೂಢಚಾರರನ್ನು ಕೂರಿಸಲು ಹೇಳಿದ ಅವನು ಧರ್ಮದ ವೇಷವನ್ನೇ ರಾಜ್ಯದ ಕಣ್ಣಾಗಿಸಿದ ಎಂಬುದು ನಿಜ. ಆದರೂ ಪ್ರಜೆಗಳಿಗಿಂತ ಮೊದಲು ಅವನ ಚಾರರು ಹೋಗುವುದು ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜರಿಂದ ಹಿಡಿದು ಹದಿನೆಂಟು ಮಂದಿ ದೊಡ್ಡವರ ಬೆನ್ನಿಗೆ. ಮೂವರು ಚಾರರ ಮಾತು ತಾಳೆಯಾದರೆ ಮಾತ್ರ ಸುದ್ದಿ ನಂಬಬೇಕು. ನಮ್ಮ ಕಾಲದ ವ್ಯವಸ್ಥೆ ಇದನ್ನೂ ತಲೆಕೆಳಗು ಮಾಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ಹೆಸರಿಸುವ ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡುವ ಅಧಿಕಾರವನ್ನು ಆ ಸರ್ಕಾರಕ್ಕೇ ಕೊಟ್ಟಿತು. ಅದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಹೆಸರಿನಲ್ಲಿ ಅಧಿಕಾರಿಗಳ ವಿವರ ಮುಚ್ಚಿಡುವುದನ್ನು ಸುಲಭ ಮಾಡಿತು. ಆಳುವವರಿಗೆ ಪ್ರಜೆ ಹೆಚ್ಚು ಹೆಚ್ಚು ಕಾಣುತ್ತಾ, ಪ್ರಜೆಗೆ ಆಳುವವರು ಮಸುಕಾಗುತ್ತಾ ಹೋಗುವ ಈ ನೋಟಕ್ಕೆ ದೇವರ ನೋಟದ ಹೋಲಿಕೆ ಕೊಡುವುದು ದೇವನಿಂದೆಯೇ ಸರಿ.

ಮೂರನೆಯದು ಕ್ಷಮೆಯ ವಿಷಯ. ಚಿತ್ರಗುಪ್ತನ ಕಡತ ಎಷ್ಟೇ ಕರಾರುವಾಕ್ಕಾಗಿದ್ದರೂ ಅದೇ ಕೊನೆಯ ಮಾತೆಂದು ಯಾವ ಪುರಾಣವೂ ಹೇಳಿಲ್ಲ. ಭಾಗವತದ ಆರನೆಯ ಸ್ಕಂಧದ ಅಜಾಮಿಳ ಬದುಕಿನ ಬಹುಪಾಲು ದಾರಿ ತಪ್ಪಿ ನಡೆದವನು. ಸಾಯುವ ಗಳಿಗೆಯಲ್ಲಿ ನಾರಾಯಣ ಎಂಬ ಹೆಸರಿನ ಮಗನನ್ನು ಕರೆದದ್ದೇ ನೆಪವಾಗಿ ವಿಷ್ಣುದೂತರು ಬಂದು ಯಮದೂತರನ್ನು ತಡೆಯುತ್ತಾರೆ. ಅವನಿಗೆ ಮತ್ತೆ ಬದುಕಿ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ವರುಣನ ಸೂಕ್ತಗಳಲ್ಲಿಯೂ ವಸಿಷ್ಠ ಮಾಡುವುದು ತಪ್ಪನ್ನು ಸಡಿಲಿಸು ಎಂಬ ಮೊರೆಯನ್ನೇ. ನೋಡುವ ದೇವರು ಮೊರೆ ಕೇಳುವ ದೇವರೂ ಹೌದು. ಸರ್ವರಿನಲ್ಲಿ ಕೂತ ದಾಖಲೆಗೆ ಮೊರೆಯಿಡಲು ಬರುವುದಿಲ್ಲ. ಹದಿನಾರರ ಹುಡುಗ ಆಡಿದ ಪೆದ್ದು ಮಾತು ಮೂವತ್ತರ ಹರೆಯದಲ್ಲಿ ಅವನ ಕೆಲಸ ಕಳೆಯಬಹುದು. ಅಷ್ಟರಲ್ಲಿ ಅವನು ಎಷ್ಟು ಬದಲಾಗಿದ್ದಾನೆ ಎಂಬುದು ಆ ದಾಖಲೆಯಲ್ಲಿರುವುದಿಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ವಿವಾಹದ ತಕರಾರಿನ ಪ್ರಕರಣವೊಂದರಲ್ಲಿ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸುತ್ತಾ, ಮರೆತುಹೋಗುವ ಹಕ್ಕನ್ನು ಪ್ರಸ್ತಾಪಿಸಿತು. ಪ್ರಾಯಶ್ಚಿತ್ತದಲ್ಲಿ ನಂಬಿಕೆಯಿರುವ ಸಮಾಜ ಕೋರ್ಟಿಗಿಂತ ಮೊದಲೇ ಕೇಳಬೇಕಿದ್ದ ಹಕ್ಕು ಅದು.

ಖಾಸಗಿತನ ಎಂಬುದು ಪಶ್ಚಿಮದಿಂದ ಬಂದ ಸರಕು, ಒಟ್ಟು ಕುಟುಂಬ, ವಠಾರ, ಊರುಗಳಲ್ಲಿ ಬದುಕಿದ ನಮಗೆ ಅದು ಬೇಕಿರಲಿಲ್ಲ ಎಂಬ ಆಕ್ಷೇಪವೂ ಇದೆ. ಇದರಲ್ಲಿ ಅರ್ಧ ಮಾತ್ರ ನಿಜ. ಯೋಗಿ ಏಕಾಂತದಲ್ಲಿ ಒಬ್ಬನೇ ಕೂರಬೇಕು ಎಂದು ಗೀತೆಯ ಆರನೆಯ ಅಧ್ಯಾಯ ಹೇಳುವಾಗ ಪಶ್ಚಿಮದವರು ಯಾರೂ ಕಲಿಸಿರಲಿಲ್ಲ. ನೈವೇದ್ಯದ ಹೊತ್ತಿಗೆ ಗರ್ಭಗುಡಿಯ ಬಾಗಿಲು ಮುಚ್ಚುವುದು, ತೆರೆ ಎಳೆಯುವುದು ಇಂದಿಗೂ ನಡೆದುಬಂದಿದೆ; ಊಟಕ್ಕೆ ಕೂತ ದೇವರನ್ನು ದಿಟ್ಟಿಸಬಾರದೆಂಬ ಮರ್ಯಾದೆಯನ್ನು ಬಲ್ಲ ಜನರಿಗೆ ಮನುಷ್ಯರ ಮರ್ಯಾದೆ ಅರ್ಥವಾಗದ್ದೇನಲ್ಲ. ಇನ್ನು ಊರಿನ ಕಣ್ಣು. ಜಗಲಿಯ ಮೇಲೆ ಕೂತವರು ದಾರಿಯಲ್ಲಿ ಹೋಗುವವರನ್ನೆಲ್ಲ ನೋಡುತ್ತಿದ್ದರು, ನಿಜ. ಆದರೆ ದಾರಿಯಲ್ಲಿ ಹೋಗುವವರೂ ಜಗಲಿಯವರನ್ನು ನೋಡುತ್ತಿದ್ದರು, ಕಂಡದ್ದನ್ನು ಕಾಲ ಮರೆಸುತ್ತಿತ್ತು. ಹಾಗೆಂದು ಆ ಊರನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಯಾರು ಯಾವ ಬಾವಿಯಿಂದ ನೀರು ಸೇದಿದರು, ಯಾರ ಮಗಳು ಯಾರ ಜೊತೆ ಮಾತಾಡಿದಳು ಎಂಬುದನ್ನು ಕಾಯುತ್ತಿದ್ದ ಕಣ್ಣು ಜಾತಿಯ ಪಹರೆಯೇ ಆಗಿತ್ತು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ಕಟುವಾಗಿ ಖಂಡಿಸಿದ ಅಂಬೇಡ್ಕರ್, ಅದರ ಹಿಂದಿನ ವರ್ಷವೇ ಮೂಲಭೂತ ಹಕ್ಕುಗಳ ತಮ್ಮ ಕರಡಿನಲ್ಲಿ ಜನರ ದೇಹ, ಮನೆ, ಕಾಗದಪತ್ರಗಳನ್ನು ಅಕಾರಣ ಶೋಧನೆಯಿಂದ ಕಾಪಾಡುವ ಹಕ್ಕನ್ನು ಸೇರಿಸಿದ್ದರು. ಅದನ್ನು ಆಗ ಕೈಬಿಡಲಾಯಿತು. ಊರಿನ ಕಣ್ಣಿನಿಂದ ಅತಿ ಹೆಚ್ಚು ನೊಂದವರ ಕಡೆಯಿಂದಲೇ ಆ ಬೇಡಿಕೆ ಬಂದಿತ್ತು ಎಂಬುದನ್ನು, ಖಾಸಗಿತನವನ್ನು ಶ್ರೀಮಂತರ ಷೋಕಿ ಎನ್ನುವವರು ನೆನಪಿಡಬೇಕು.

ಉಳಿದದ್ದು ಸುರಕ್ಷೆಯ ವಾದ. ನಿರ್ಭಯಾ ನಿಧಿಯ ನೆರವಿನಲ್ಲಿ ಬೆಂಗಳೂರಿನ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳು ಬಂದಿವೆ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಅದರಿಂದ ಧೈರ್ಯ ಬರುವುದಾದರೆ ಬೇಡವೆನ್ನಲು ಯಾರಿಗೂ ಬಾಯಿಲ್ಲ. ದೇವಸ್ಥಾನದ ಹುಂಡಿ ಎಣಿಸುವಲ್ಲಿ ಕ್ಯಾಮೆರಾ ಇಡುವುದೂ ಸರಿಯೇ, ಅಲ್ಲಿ ಎಣಿಕೆಯಾಗುವುದು ಊರವರ ಹಣ. ಇಲ್ಲಿ ವಿರೋಧಿಸುತ್ತಿರುವುದು ಯಂತ್ರವನ್ನಲ್ಲ, ಎಲ್ಲೆಯಿಲ್ಲದ ನೋಟವನ್ನು. ಆ ಎಲ್ಲೆ ಗೊತ್ತುಮಾಡುವ ಅಳತೆಗೋಲು ನಮ್ಮ ಕೈಯಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹಾಕಿದ ಅರ್ಜಿಯಿಂದ ಹೊರಟ ವ್ಯಾಜ್ಯದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ಹಕ್ಕಿಗೆ ಕೈ ಹಾಕುವ ಸರ್ಕಾರ ಕಾನೂನಿನ ಬಲ ತೋರಿಸಬೇಕು, ನ್ಯಾಯವಾದ ಉದ್ದೇಶ ತೋರಿಸಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಿದ್ದೇನೆಂದೂ ತೋರಿಸಬೇಕು. ಮೊದಲ ಎರಡರಲ್ಲಿ ಪಾಸಾಗುವ ಎಷ್ಟೋ ಏರ್ಪಾಡುಗಳು ಮೂರನೆಯದರಲ್ಲಿ ಸೋಲುತ್ತವೆ. ಬಸ್ ಸ್ಟಾಪಿನ ಕ್ಯಾಮೆರಾ ಅಪರಾಧ ನಡೆದಾಗ ನೋಡಲು ಇದ್ದರೆ ಅದು ಕಾವಲು. ಅದೇ ಹೆಣ್ಣುಮಗಳು ಯಾವ ದಿನ ಯಾರೊಡನೆ ಬಂದಳೆಂದು ವರ್ಷಗಟ್ಟಲೆ ಕೂಡಿಡುತ್ತಾ ಹೋದರೆ ಅದು ಕದ್ದು ನೋಡುವುದೇ.

ಕದ್ದು ನೋಡುವುದು, ಕದ್ದು ಕೇಳುವುದು ನಾಚಿಕೆಗೇಡು ಎಂಬ ಭಾವನೆ ಈ ನಾಡಿಗೆ ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆಯ ಆರೋಪದ ಮೇಲೆಯೇ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇಂದು ನಾವು ಕಳೆದುಕೊಳ್ಳುತ್ತಿರುವುದು ಗುಟ್ಟುಗಳನ್ನಷ್ಟೇ ಅಲ್ಲ, ಆ ನಾಚಿಕೆಯನ್ನೂ. ಅದನ್ನು ಉಳಿಸಿಕೊಳ್ಳುವ ಕೆಲಸ ದಿಲ್ಲಿಯಲ್ಲಿ ಶುರುವಾಗಬೇಕಿಲ್ಲ. ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ದೇವಸ್ಥಾನದ ಆಡಳಿತ ಮಂಡಳಿಯಲ್ಲಿ ಕೇಳಬಹುದಾದ ಪ್ರಶ್ನೆಗಳಿವೆ: ಈ ಕ್ಯಾಮೆರಾ ಯಾತಕ್ಕೆ, ಇದರಲ್ಲಿ ಬಿದ್ದದ್ದನ್ನು ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾರೆ, ನೋಡುವವರ ಮೇಲೆ ಯಾರ ಕಣ್ಣಿದೆ? ಮನೆಯೊಳಗೆ ಮಕ್ಕಳ ಫೋನು ತೆರೆಯುವ ಮುನ್ನವೂ ಇವನ್ನೇ ಕೇಳಿಕೊಳ್ಳಬಹುದು. ಯಾರೂ ನೋಡದಿದ್ದಾಗ ಸರಿಯಾಗಿ ನಡೆಯುವುದನ್ನು ಕಲಿಯಲು ಮಗುವಿಗೆ ಯಾರೂ ನೋಡದ ಹೊತ್ತು ಸಿಗಬೇಕು. ಕ್ಯಾಮೆರಾ ಬೇಕೆನ್ನುವವರು ಸುರಕ್ಷೆಯ ಹೆಸರಿನಲ್ಲಿ ಕೇಳಲಿ, ಲೆಕ್ಕಪತ್ರದ ಹೆಸರಿನಲ್ಲಿ ಕೇಳಲಿ. ಅವಕ್ಕೆ ಅಳತೆಯಿದೆ, ವಾದ ಪ್ರತಿವಾದ ಮಾಡಿ ಒಂದು ತೀರ್ಮಾನಕ್ಕೆ ಬರಬಹುದು. ದೇವರ ಹೆಸರಿನಲ್ಲಿ ಮಾತ್ರ ಕೇಳದಿರಲಿ.